ಮಕ್ಕಳ ಬರಹಕ್ಕೂ ಒಂದು ಸನದ್ ಇರಲಿ

ಕಳೆದ ವರ್ಷ ಮಳೆಗಾಲದ ಒಂದು ರಾತ್ರಿ ಇಶಾ ನಮಾಝ್ ಮುಗಿಸಿ ಬಂದು ಊಟಕ್ಕೆ ಕೂತಿದ್ದೆ. ತಂಗಿಯ ಮಗಳ ಫೋನ್ ಬಂತು. ಅವಳು ಇತಿಹಾಸದಲ್ಲಿ ಎಂ.ಎ. ಓದುತ್ತಿದ್ದಳು. ನಮ್ಮ ಕುಟುಂಬದಲ್ಲಿ ಅಷ್ಟು ದೂರ ಓದಿದ ಮೊದಲ ಹೆಣ್ಣುಮಗಳು ಅವಳೇ. ಅವಳ ಉಮ್ಮ ಏಳನೇ ತರಗತಿಗೆ ಶಾಲೆ ಬಿಟ್ಟವಳು. ನನ್ನ ಉಮ್ಮ ಶಾಲೆಯ ಮೆಟ್ಟಿಲನ್ನೇ ಹತ್ತಿದವರಲ್ಲ.

“ಮಾಮ, ನನ್ನ ಪ್ರಬಂಧ ವಾಪಸ್ ಬಂದಿದೆ” ಅಂದಳು. ಮುಂದಿನ ಮಾತು ಹೊರಡಲು ಸ್ವಲ್ಪ ಹೊತ್ತು ಬೇಕಾಯಿತು. ಕಾಲೇಜಿನಲ್ಲಿ ಪ್ರಬಂಧವನ್ನು ಕಂಪ್ಯೂಟರಿಗೆ ಹಾಕಿ ನೋಡಿದ್ದರು. ನೂರಕ್ಕೆ ನಲ್ವತ್ತಕ್ಕಿಂತ ಹೆಚ್ಚು ಭಾಗ ಬೇರೆಯವರ ಬರಹವನ್ನು ಹೋಲುತ್ತದೆ ಎಂದು ವರದಿ ಬಂದಿತ್ತು. ತಿದ್ದಿದ ಪ್ರತಿಯನ್ನು ಕೊಡಬೇಕಾದರೂ ಒಂದು ವರ್ಷ ಕಾಯಬೇಕು. ಮನೆಯಲ್ಲಿ ಮದುವೆಯ ಮಾತು ನಡೆಯುತ್ತಿದ್ದ ಹುಡುಗಿ ಅವಳು. ಅಂಥ ಮನೆಯಲ್ಲಿ ‘ಒಂದು ವರ್ಷ ಕಾಯಿರಿ’ ಎಂದರೆ ಏನಾಗುತ್ತದೆ ಎಂಬುದನ್ನು ಬ್ಯಾರಿ ಮನೆಯವರಿಗೆ ನಾನು ವಿವರಿಸಬೇಕಾಗಿಲ್ಲ.

ಅವಳು ಕೊನೆಗೆ ಹೇಳಿದ ಮಾತು ನನ್ನ ತಲೆಯಿಂದ ಇನ್ನೂ ಹೋಗಿಲ್ಲ. “ನಾನು ಕದ್ದಿಲ್ಲ ಮಾಮ. ಎಲ್ಲವನ್ನೂ ನಾನೇ ಕೂತು ಟೈಪ್ ಮಾಡಿದ್ದೇನೆ.”

ಅವಳು ಸುಳ್ಳು ಹೇಳುತ್ತಿರಲಿಲ್ಲ. ಯಾರಿಂದಲೋ ದುಡ್ಡು ಕೊಟ್ಟು ಬರೆಸುವುದು, ಇನ್ನೊಬ್ಬರ ಪ್ರಬಂಧಕ್ಕೆ ತನ್ನ ಹೆಸರು ಹಾಕುವುದು, ಇಷ್ಟೇ ಅವಳ ಲೆಕ್ಕದಲ್ಲಿ ಕಳವು. ಹತ್ತು ಪುಸ್ತಕ ಓದಿ, ಅಲ್ಲಿಂದ ಒಂದು ಪ್ಯಾರಾ, ಇಲ್ಲಿಂದ ಎರಡು ಪ್ಯಾರಾ ತೆಗೆದು ಜೋಡಿಸುವುದು ಅವಳ ಪಾಲಿಗೆ ಅಭ್ಯಾಸ, ಶ್ರಮ, ವಿದ್ಯೆ. ಹಾಗೆಂದು ಅವಳಿಗೆ ಕಲಿಸಿದ್ದು ಯಾರು? ನಾವೇ. ಅವಳು ಆರನೇ ತರಗತಿಯಲ್ಲಿದ್ದಾಗ ಮಾಡಿದ ಒಂದು ಆಲ್ಬಮ್ ನನಗೆ ನೆನಪಾಯಿತು. ಪುಸ್ತಕಗಳಿಂದ ಮುದ್ದಾದ ಅಕ್ಷರದಲ್ಲಿ ನಕಲು ಮಾಡಿದ ಇಪ್ಪತ್ತು ಪುಟ. ಅದಕ್ಕೆ ಮೊದಲ ಬಹುಮಾನ ಬಂದಿತ್ತು. ಬಹುಮಾನ ಕೊಟ್ಟ ತೀರ್ಪುಗಾರರಲ್ಲಿ ನಾನೂ ಒಬ್ಬ. ಮಂಜೇಶ್ವರದ ಕಡೆಯ ಕನ್ನಡ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಪಾಠ ಹೇಳಿದವನು ನಾನು. ಅಷ್ಟು ವರ್ಷಗಳಲ್ಲಿ ‘ಇದನ್ನು ನೀನು ಎಲ್ಲಿಂದ ತಿಳಿದೆ?’ ಎಂದು ಎಷ್ಟು ಮಕ್ಕಳನ್ನು ಕೇಳಿದ್ದೇನೆ ಎಂದು ಲೆಕ್ಕ ಹಾಕಿದರೆ ನಾಚಿಕೆಯಾಗುತ್ತದೆ.

ಹಾಗಾಗಿ ಇದನ್ನು ಮಕ್ಕಳನ್ನು ದೂರಲು ಬರೆಯುತ್ತಿಲ್ಲ. ಹೈಸ್ಕೂಲಿನವರೆಗೆ ನಕಲಿಗೆ ಬಹುಮಾನ ಕೊಟ್ಟು, ಕಾಲೇಜಿಗೆ ಹೋದ ಮೇಲೆ ಅದೇ ನಕಲಿಗೆ ಶಿಕ್ಷೆ ಕೊಡುವುದು ಅನ್ಯಾಯ. ಈ ಅನ್ಯಾಯದಲ್ಲಿ ಶಾಲೆಗೆ, ಮನೆಗೆ, ನಮ್ಮ ಜಮಾಅತ್, ಸಂಘಟನೆಗಳ ಸ್ಪರ್ಧೆಗಳಿಗೆ ಎಲ್ಲಕ್ಕೂ ಪಾಲಿದೆ. ಅದನ್ನು ಸರಿಪಡಿಸುವ ದಾರಿ ನಮ್ಮ ಕೈಯಲ್ಲೇ ಇದೆ ಎಂಬುದು ನನ್ನ ವಾದ.

ನಿಯಮ ಏನು ಹೇಳುತ್ತದೆ

ಯುಜಿಸಿ 2018ರಲ್ಲಿ ಕೃತಿಚೌರ್ಯ ತಡೆಯಲು ನಿಯಮಾವಳಿಯನ್ನು ತಂದಿತು. ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಸಲ್ಲಿಸುವ ಪ್ರಬಂಧಗಳಿಗೆ ಅದು ಅನ್ವಯಿಸುತ್ತದೆ. ಹೋಲಿಕೆ ಶೇ. 10ರ ಒಳಗಿದ್ದರೆ ದಂಡವಿಲ್ಲ. 10ರಿಂದ 40ರ ನಡುವೆ ಇದ್ದರೆ ಆರು ತಿಂಗಳೊಳಗೆ ತಿದ್ದಿ ಮತ್ತೆ ಸಲ್ಲಿಸಬೇಕು. 40ರಿಂದ 60 ಆದರೆ ಒಂದು ವರ್ಷ ತಿದ್ದಿದ ಪ್ರತಿಯನ್ನೂ ಕೊಡುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು.

ಇಲ್ಲಿ ಒಂದು ವಿಷಯವನ್ನು ಎಲ್ಲ ಮಕ್ಕಳೂ ತಿಳಿದಿರಬೇಕು. ಮೂಲ ಯಾವುದೆಂದು ಸರಿಯಾಗಿ ಹೇಳಿ ಉದ್ಧರಿಸಿದ ಮಾತುಗಳನ್ನು ಈ ಲೆಕ್ಕದಿಂದ ಹೊರಗಿಡಬೇಕು ಎಂದು ಅದೇ ನಿಯಮ ಹೇಳುತ್ತದೆ. ನನ್ನ ತಂಗಿಯ ಮಗಳು ಬಳಸಿದ ಪ್ಯಾರಾಗಳಲ್ಲಿ ನಿಜಕ್ಕೂ ಬೇಕಾದ ಕೆಲವು ವಾಕ್ಯಗಳನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟು, ಲೇಖಕರ ಹೆಸರು, ಪುಸ್ತಕ, ಪುಟ ಬರೆದು, ಉಳಿದುದನ್ನು ತನ್ನ ಮಾತಿನಲ್ಲಿ ಹೇಳಿ ಅದಕ್ಕೂ ಮೂಲ ಕೊಟ್ಟಿದ್ದರೆ ಆ ಒಂದು ವರ್ಷ ಉಳಿಯುತ್ತಿತ್ತು. ಓದಿದ ಪುಸ್ತಕಗಳು ಅವೇ, ಪಟ್ಟ ಶ್ರಮ ಅದೇ. ಇಲ್ಲದೆ ಹೋದದ್ದು ಈ ಒಂದು ಅಭ್ಯಾಸ.

ನಮ್ಮಲ್ಲಿ ಅನೇಕರು ಕೃತಿಚೌರ್ಯವನ್ನೂ ಕಾಪಿರೈಟನ್ನೂ ಒಂದೇ ಎಂದು ತಿಳಿಯುತ್ತಾರೆ. ಅವು ಬೇರೆ ಬೇರೆ. ನಮ್ಮ ದೇಶದ 1957ರ ಕಾಯಿದೆಯ ಪ್ರಕಾರ ಲೇಖಕರ ಕಾಲಾನಂತರ 60 ವರ್ಷಗಳವರೆಗೆ ಅವರ ಕೃತಿಗೆ ಕಾಪಿರೈಟ್ ಇರುತ್ತದೆ. ಮಂಜೇಶ್ವರದ ಗೋವಿಂದ ಪೈಗಳು ತೀರಿಕೊಂಡಿದ್ದು 1963ರಲ್ಲಿ. ಅಂದರೆ ಅವರ ಬದುಕಿನಲ್ಲಿ ಪ್ರಕಟವಾದ ಕೃತಿಗಳನ್ನು ಈಗ ಯಾರೂ ಅನುಮತಿ ಕೇಳದೆ ಅಚ್ಚು ಹಾಕಬಹುದು. ಆದರೆ ಪೈಗಳ ಸಂಶೋಧನೆಯ ಒಂದು ತೀರ್ಮಾನವನ್ನು ತೆಗೆದುಕೊಂಡು ತನ್ನದೆಂದು ಬರೆದರೆ ಅದು ಇವತ್ತೂ ಕೃತಿಚೌರ್ಯ, ಇನ್ನೂ ನೂರು ವರ್ಷ ಕಳೆದರೂ ಕೃತಿಚೌರ್ಯವೇ. ಒಂದು ಕಾನೂನಿನ ಪ್ರಶ್ನೆ, ಇನ್ನೊಂದು ಪ್ರಾಮಾಣಿಕತೆಯ ಪ್ರಶ್ನೆ.

ಮದ್ರಸದಲ್ಲಿ ಇರುವ ಪಾಠ

ಮೂಲ ಹೇಳುವುದು ಪಾಶ್ಚಾತ್ಯ ವಿಶ್ವವಿದ್ಯಾಲಯಗಳಿಂದ ಬಂದ ರೂಢಿ, ನಮ್ಮಂಥವರಿಗೆ ಹೊಸತು ಎಂದು ಕೆಲವರು ಹೇಳುವುದನ್ನು ಕೇಳಿದ್ದೇನೆ. ನಮ್ಮ ಸಮುದಾಯದ ಬಾಯಿಯಲ್ಲಿ ಈ ಮಾತು ಬರಬಾರದು. ಇನ್ನೊಬ್ಬರ ಮಾತನ್ನು ಹೇಗೆ ಎತ್ತಿ ಹೇಳಬೇಕು ಎಂಬುದನ್ನು ಒಂದು ಶಾಸ್ತ್ರವನ್ನಾಗಿ ಬೆಳೆಸಿದವರು ಹದೀಸ್ ವಿದ್ವಾಂಸರು.

ನಾನು ಹದೀಸ್ ಓದಿದವನಲ್ಲ. ಮುಂದಿನ ನಾಲ್ಕು ಮಾತುಗಳನ್ನು ನನಗೆ ಹೇಳಿಕೊಟ್ಟವರು ನಮ್ಮ ಮಹಲ್ಲಿನ ಉಸ್ತಾದರು. ಹದೀಸಿಗೆ ಎರಡು ಭಾಗ. ಮತ್ನ್ ಅಂದರೆ ಹೇಳಿದ ವಿಷಯ. ಸನದ್ ಅಂದರೆ ಅದು ಯಾರಿಂದ ಯಾರಿಗೆ ಬಂತು ಎಂಬ ಹೆಸರುಗಳ ಸರಪಳಿ. ಸನದ್ ಇಲ್ಲದ ಮತ್ನನ್ನು, ಅದು ಎಷ್ಟೇ ಚೆಂದವಾಗಿರಲಿ, ವಿದ್ವಾಂಸರು ಹಾಗೆಯೇ ಒಪ್ಪುತ್ತಿರಲಿಲ್ಲ. ಸರಪಳಿಯ ಒಬ್ಬೊಬ್ಬರ ಬಗ್ಗೆಯೂ ವಿಚಾರಿಸುತ್ತಿದ್ದರು. ಸತ್ಯವಂತನೇ, ನೆನಪಿನ ಶಕ್ತಿ ಹೇಗಿತ್ತು, ತಾನು ಕೇಳಿದೆ ಎನ್ನುವವನನ್ನು ಅವನು ನಿಜಕ್ಕೂ ಭೇಟಿಯಾಗಿದ್ದನೇ?

ಎರಡನೆಯದು. ಕೇಳಿದ ಮಾತನ್ನು ಅಕ್ಷರಶಃ ಹೇಳುವುದಕ್ಕೆ ರಿವಾಯತ್ ಬಿಲ್ ಲಫ್ಝ್ ಎನ್ನುತ್ತಾರೆ. ಅರ್ಥ ಕೆಡದಂತೆ ತನ್ನ ಮಾತಿನಲ್ಲಿ ಹೇಳುವುದಕ್ಕೆ ರಿವಾಯತ್ ಬಿಲ್ ಮಅನಾ. ಇವತ್ತು ಕಾಲೇಜಿನಲ್ಲಿ ಉದ್ಧರಣೆ, ಸ್ವಂತ ಮಾತಿನ ನಿರೂಪಣೆ ಎಂದು ಕಲಿಸುವುದು ಇದನ್ನೇ. ಅರ್ಥವನ್ನು ಹೇಳುವವನಿಗೆ ಭಾಷೆ ಚೆನ್ನಾಗಿ ತಿಳಿದಿರಬೇಕು, ಒಂದು ಪದ ಬದಲಾದರೆ ಅರ್ಥ ಎಷ್ಟು ಬದಲಾಗುತ್ತದೆ ಎಂಬ ತಿಳಿವಳಿಕೆ ಇರಬೇಕು ಎಂದು ಷರತ್ತು ಹಾಕಿದ್ದರು. ವಅಝ್‌ಗಳಲ್ಲಿ ಉಸ್ತಾದರು ಹದೀಸ್ ಹೇಳಿ ಕೊನೆಗೆ ‘ಔ ಕಮಾ ಕಾಲ’ ಎನ್ನುವುದನ್ನು ನೀವು ಕೇಳಿರುತ್ತೀರಿ. ‘ಅಥವಾ ಅವರು ಹೇಳಿದ ಹಾಗೆ’ ಎಂದು ಅದರ ಅರ್ಥ. ನಾನು ಹೇಳಿದ ಪದಗಳು ಪ್ರವಾದಿಯವರ(ಸ) ಪದಗಳೇ ಆಗಿರಲಿಕ್ಕಿಲ್ಲ, ವಿಷಯ ಅವರದ್ದು ಎಂದು ಕೇಳುಗರಿಗೆ ಎಚ್ಚರಿಕೆ ಕೊಡುವ ಮಾತು ಅದು.

ಮೂರನೆಯದು ತದ್‌ಲೀಸ್. ತಾನು ನೇರವಾಗಿ ಕೇಳದ ಮಾತನ್ನು ನೇರವಾಗಿ ಕೇಳಿದಂತೆ ತೋರುವ ಹಾಗೆ ಹೇಳುವುದು, ನಡುವಿನ ಒಬ್ಬನ ಹೆಸರನ್ನು ಮರೆಮಾಡುವುದು. ವಿದ್ವಾಂಸರು ಇದನ್ನು ದೋಷವೆಂದು ಎಣಿಸಿ, ಹಾಗೆ ಮಾಡಿದವರನ್ನು ಗುರುತಿಸಿ ಇಟ್ಟಿದ್ದರು. ಇವತ್ತಿನ ಪ್ರಬಂಧಗಳಲ್ಲಿ ಇದು ತೀರಾ ಸಾಮಾನ್ಯ. ಯಾರದೋ ಪುಸ್ತಕದಲ್ಲಿ ಉದ್ಧರಿಸಿದ ಮಾತನ್ನು ಅಲ್ಲಿಂದ ಎತ್ತಿ, ಮೂಲ ಗ್ರಂಥವನ್ನೇ ತಾನು ಓದಿದ ಹಾಗೆ ಅದರ ಹೆಸರು ಬರೆಯುವುದು. ‘ಇಂಥವರ ಪುಸ್ತಕದಲ್ಲಿ ಉದ್ಧರಿಸಿದಂತೆ’ ಎಂದು ಸೇರಿಸಿದರೆ ದೋಷ ಹೋಯಿತು. ಅಷ್ಟು ಬರೆಯಲು ನಮಗೆ ಏಕೋ ಕಷ್ಟ.

ಬೆಳಗ್ಗೆ ಮದ್ರಸದಲ್ಲಿ ಸನದ್ ಎಂಬ ಪದ ಕಲಿಯುವ ಮಗು ಹತ್ತು ಗಂಟೆಗೆ ಶಾಲೆಯಲ್ಲಿ ಸನದ್ ಇಲ್ಲದ ಪ್ರಬಂಧ ಬರೆಯುತ್ತದೆ. ಎರಡಕ್ಕೂ ಸಂಬಂಧವಿದೆ ಎಂದು ಮದ್ರಸದಲ್ಲೂ ಹೇಳಿಲ್ಲ, ಶಾಲೆಯಲ್ಲೂ ಹೇಳಿಲ್ಲ.

ನಮ್ಮ ಹೆಸರಿನ ಕಥೆ

ಬ್ಯಾರಿ ಸಮುದಾಯದ ಬಗ್ಗೆ ಮಕ್ಕಳು ಬರೆದ ಪ್ರಬಂಧಗಳನ್ನು ನಾನು ಅನೇಕ ಸ್ಪರ್ಧೆಗಳಲ್ಲಿ ಓದಿದ್ದೇನೆ. ಹೆಚ್ಚಿನವು ಒಂದೇ ರೀತಿ ಶುರುವಾಗುತ್ತವೆ. ತುಳುವಿನಲ್ಲಿ ‘ಬ್ಯಾರ’ ಎಂದರೆ ವ್ಯಾಪಾರ, ಅದರಿಂದ ‘ಬ್ಯಾರಿ’ ಎಂಬ ಹೆಸರು ಬಂತು ಎಂದು. ಸಂಶಯವೇ ಇಲ್ಲದ ಸತ್ಯದಂತೆ, ಎಲ್ಲಿಂದ ತಿಳಿಯಿತು ಎಂದು ಹೇಳದೆ.

ಈ ಹೆಸರಿನ ಬಗ್ಗೆ ಒಂದಲ್ಲ, ಮೂರು ಅಭಿಪ್ರಾಯಗಳು ಚಾಲ್ತಿಯಲ್ಲಿವೆ. ಒಂದು ಈ ವ್ಯಾಪಾರದ ಕಥೆ. ಇನ್ನೊಂದು, ಅರಬಿಯ ‘ಬಹ್ರ್’ ಅಂದರೆ ಕಡಲು, ಅದರಿಂದ ಕಡಲಿನವರು ಎಂಬ ಅರ್ಥದ ‘ಬಹ್ರಿ’, ಅದರಿಂದ ಬ್ಯಾರಿ. ಮೂರನೆಯದು ‘ಮಲಬಾರಿ’ ಎಂಬ ಪದದಿಂದ ಬಂತು ಎನ್ನುವುದು. ಯಾವುದು ಸರಿ ಎಂದು ನಾನು ಇಲ್ಲಿ ತೀರ್ಪು ಕೊಡುವುದಿಲ್ಲ. ‘ಬ್ಯಾರ’ ಎಂಬುದು ಒಬ್ಬರ ಅಭಿಪ್ರಾಯ ಎಂದು ಹೇಳದೆ ಬರೆದಾಗ ಉಳಿದ ಎರಡು ಅಭಿಪ್ರಾಯಗಳು ಇವೆ ಎಂಬುದೇ ಮಗುವಿಗೆ ತಿಳಿಯದೆ ಹೋಗುತ್ತದೆ. ಚರ್ಚೆ ಸತ್ತುಹೋಗುತ್ತದೆ.

ನಮ್ಮ ಇತಿಹಾಸ, ಭಾಷೆಗಳ ಬಗ್ಗೆ ದುಡಿದವರು ಬೆರಳೆಣಿಕೆಯಷ್ಟು ಜನ. ‘ತುಳುನಾಡಿನ ಮುಸ್ಲಿಮರು’ ಬರೆದ ಪ್ರೊ. ಬಿ.ಎಂ. ಇಚ್ಲಂಗೋಡು, ‘ಮೈಕಾಲ’ ಬರೆದ ಅಹ್ಮದ್ ನೂರಿ, ಬ್ಯಾರಿ ಭಾಷೆಯನ್ನು ಭಾಷಾಶಾಸ್ತ್ರದ ಕಣ್ಣಿನಿಂದ ಅಭ್ಯಾಸ ಮಾಡಿದ ಡಾ. ಸುಶೀಲಾ ಉಪಾಧ್ಯಾಯ. ಇವರ ದುಡಿಮೆಯ ಫಲವನ್ನು ನಾವು ಇವತ್ತು ವಾಟ್ಸಪ್ಪಿನಲ್ಲಿ ಹೆಸರಿಲ್ಲದೆ ಹಂಚುತ್ತೇವೆ. ಅದನ್ನು ಓದಿದ ಮಗು ಅದನ್ನೇ ಪ್ರಬಂಧದಲ್ಲಿ ಬರೆಯುತ್ತದೆ. ಕೆಲವು ವರ್ಷಗಳ ನಂತರ ಆ ಪುಸ್ತಕಗಳನ್ನು ಹುಡುಕಿ ಓದಬೇಕು ಎಂದು ಯಾರಿಗೂ ಅನಿಸುವುದಿಲ್ಲ, ಯಾಕೆಂದರೆ ಆ ಪುಸ್ತಕಗಳಿವೆ ಎಂದೇ ಯಾರಿಗೂ ತಿಳಿದಿರುವುದಿಲ್ಲ. ದೊಡ್ಡ ಸಮುದಾಯಗಳಿಗೆ ಇದು ಸಣ್ಣ ನಷ್ಟ ಇರಬಹುದು. ಬರಹದ ಗಂಟು ಇಷ್ಟು ಚಿಕ್ಕದಿರುವ ನಮಗೆ ಅಲ್ಲ.

ಸಾರಾ ಅಬೂಬಕ್ಕರ್ ಅವರ ವಿಷಯ ಈಗಿನ ಮಕ್ಕಳಿಗೆ ಹೇಳಬೇಕಾದದ್ದು. ಕಾಸರಗೋಡಿನಲ್ಲಿ ಹುಟ್ಟಿ ಕನ್ನಡದಲ್ಲಿ ಬರೆದ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿ 1980ರ ದಶಕದಿಂದ ಮನೆಮಾತು. 2011ರ ‘ಬ್ಯಾರಿ’ ಸಿನಿಮಾಕ್ಕೆ ರಾಷ್ಟ್ರೀಯ ಪ್ರಶಸ್ತಿ ಬಂದಾಗ ನಮ್ಮ ಭಾಷೆಗೆ ಸ್ವರ್ಣಕಮಲ ಬಂತೆಂದು ನಾವೆಲ್ಲ ಸಂತೋಷಪಟ್ಟೆವು. ಆ ಚಿತ್ರ ತನ್ನ ಕಾದಂಬರಿಯನ್ನೇ ಆಧರಿಸಿದೆ, ಅದಕ್ಕೆ ತನ್ನ ಅನುಮತಿ ಪಡೆದಿಲ್ಲ ಎಂದು ಸಾರಾ ಅವರು ನ್ಯಾಯಾಲಯಕ್ಕೆ ಹೋದರು. ಮಂಗಳೂರಿನ ನ್ಯಾಯಾಲಯ ಅವರ ಪರವಾಗಿ ತೀರ್ಪು ಕೊಟ್ಟಿತು. ಎಪ್ಪತ್ತೈದರ ಆಸುಪಾಸಿನ ಒಬ್ಬ ಬರಹಗಾರ್ತಿ ಇದಕ್ಕಾಗಿ ಕೋರ್ಟಿನ ಮೆಟ್ಟಿಲು ಹತ್ತಿದರು ಎಂಬುದನ್ನು ಮಕ್ಕಳು ತಿಳಿಯಲಿ. ಬರೆದವರಿಗೆ ತಮ್ಮ ಬರಹ ಏನಾಗಿರುತ್ತದೆ ಎಂದು ಅವರಿಗೆ ಅರ್ಥವಾಗುತ್ತದೆ.

ಒಂದು ಸಣ್ಣ ಅಭ್ಯಾಸ

‘ಸ್ವಂತ ಮಾತಿನಲ್ಲಿ ಬರೆ’ ಎಂದು ಎಲ್ಲ ಶಿಕ್ಷಕರೂ ಹೇಳುತ್ತೇವೆ. ಅದು ಹೇಗೆ ಎಂದು ಹೇಳುವುದಿಲ್ಲ. ನನ್ನ ಹಳೆಯ ಪಾಠದ ಟಿಪ್ಪಣಿಯಿಂದ ಎರಡು ವಾಕ್ಯ ತೆಗೆದುಕೊಳ್ಳೋಣ:

“1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಆ ದಿನ ಊರು ಕದಲಲಿಲ್ಲ, ಹೊಳೆ ಕದಲಲಿಲ್ಲ, ಕದಲಿದ್ದು ಕಚೇರಿಯ ಭಾಷೆ.”

ಒಂದು ಮಗು ಇದನ್ನು ಹೀಗೆ ಬರೆಯಿತು ಎಂದುಕೊಳ್ಳಿ: “1956ನೇ ಇಸವಿ ನವೆಂಬರ್ ಒಂದರಂದು ಕಾಸರಗೋಡು ಕೇರಳದ ಭಾಗವಾಯಿತು. ಅಂದು ಗ್ರಾಮ ಅಲುಗಲಿಲ್ಲ, ನದಿ ಅಲುಗಲಿಲ್ಲ, ಅಲುಗಿದ್ದು ಆಫೀಸಿನ ಭಾಷೆ.” ಪದಗಳು ಬೇರೆ, ವಾಕ್ಯದ ಎಲುಬು ನನ್ನದೇ. ಬಣ್ಣ ಬದಲಿಸಿದ ಮಾತ್ರಕ್ಕೆ ಬೈಕ್ ನಮ್ಮದಾಗುವುದಿಲ್ಲ. ಹೆಚ್ಚಿನ ಮಕ್ಕಳು ‘ಸ್ವಂತ ಮಾತು’ ಎಂದು ತಿಳಿದಿರುವುದು ಇದನ್ನೇ, ಇಂಟರ್‌ನೆಟ್ಟಿನಲ್ಲಿ ಸಿಗುವ ಪದ ಬದಲಿಸುವ ಯಂತ್ರಗಳು ಮಾಡುವುದೂ ಇದನ್ನೇ.

ಇನ್ನೊಂದು ಮಗು ಹೀಗೆ ಬರೆಯುತ್ತದೆ: “ರಾಜ್ಯಗಳ ಪುನರ್ವಿಂಗಡಣೆಯಿಂದ ಜನರ ದಿನನಿತ್ಯದ ಬದುಕಿಗಿಂತ ಸರಕಾರದ ಜೊತೆಗಿನ ಅವರ ವ್ಯವಹಾರದಲ್ಲಿ ಹೆಚ್ಚು ಬದಲಾವಣೆಯಾಯಿತು ಎಂದು ನಮ್ಮ ಕನ್ನಡ ಮಾಸ್ತರರು ತಮ್ಮ ಟಿಪ್ಪಣಿಯಲ್ಲಿ ಹೇಳುತ್ತಾರೆ. ನಮ್ಮ ಅಜ್ಜನ ಜಾಗದ ಕಾಗದಪತ್ರಗಳನ್ನು ನೋಡಿದರೆ ಇದು ನಿಜ ಅನಿಸುತ್ತದೆ.” ಇದು ಸ್ವಂತ ಮಾತು. ವಿಚಾರ ಯಾರದ್ದೆಂದು ಹೇಳಿದೆ, ತನ್ನ ಅನುಭವವನ್ನೂ ಸೇರಿಸಿದೆ. ಸ್ವಂತ ಮಾತಿನಲ್ಲಿ ಬರೆದರೂ ಮೂಲ ಹೇಳಲೇಬೇಕು ಎಂಬುದನ್ನು ಗಮನಿಸಿ. ಪದ ನಮ್ಮದಾದರೂ ವಿಚಾರ ಅವರದ್ದು.

ಹಾಗಾದರೆ ಎಲ್ಲದಕ್ಕೂ ಮೂಲ ಕೊಡುತ್ತಾ ಹೋಗಬೇಕೇ? ಬೇಡ. 1956ರ ನವೆಂಬರ್ 1 ಎಂಬ ತಾರೀಕು ಎಲ್ಲರಿಗೂ ತಿಳಿದದ್ದು, ಎಲ್ಲ ಪುಸ್ತಕಗಳಲ್ಲೂ ಒಂದೇ ರೀತಿ ಇರುವುದು. ಅದಕ್ಕೆ ಮೂಲ ಬೇಡ. ಆ ಬದಲಾವಣೆಯ ಅರ್ಥ ಏನು ಎಂಬುದು ಒಬ್ಬರ ಆಲೋಚನೆ. ಅದಕ್ಕೆ ಬೇಕು. ಬ್ಯಾರಿ ಪದದ ಮೂಲದ ಬಗ್ಗೆ ವಾದವಿದೆ, ಅದಕ್ಕೂ ಬೇಕು. ಮೂಲದ ಮಾತೇ ಅಷ್ಟು ಗಟ್ಟಿಯಾಗಿದ್ದು ಬದಲಿಸಿದರೆ ಕೆಡುತ್ತದೆ ಎಂದಾದರೆ ಮಾತ್ರ ಹಾಗೆಯೇ ಉದ್ಧರಿಸಿ, ಚಿಹ್ನೆ ಹಾಕಿ.

ಬ್ಯಾರಿ ಮಕ್ಕಳಿಗೆ ಇಲ್ಲಿ ಒಂದು ಅನುಕೂಲ ಇದೆ. ಪುಸ್ತಕ ಓದಿ, ಮುಚ್ಚಿ ಇಡಿ. ಅಡುಗೆಮನೆಗೆ ಹೋಗಿ ಓದಿದ್ದನ್ನು ಉಮ್ಮನಿಗೆ ಬ್ಯಾರಿಯಲ್ಲಿ ಹೇಳಿ. ಉಮ್ಮನಿಗೆ ಅರ್ಥವಾಯಿತೇ? ಅವರು ಕೇಳಿದ ಪ್ರಶ್ನೆಗೆ ಉತ್ತರ ಕೊಡಲು ಸಾಧ್ಯವಾಯಿತೇ? ಹಾಗಾದರೆ ನಿಮಗೂ ಅರ್ಥವಾಗಿದೆ. ಈಗ ಬಂದು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆಯಿರಿ. ಪುಸ್ತಕದ ವಾಕ್ಯ ತನ್ನಷ್ಟಕ್ಕೆ ಬಿಟ್ಟುಹೋಗಿರುತ್ತದೆ. ಆಮೇಲೆ ಪುಸ್ತಕ ತೆರೆದು ಹೆಸರು, ಅಂಕಿ ತಪ್ಪಿಲ್ಲವೆಂದು ನೋಡಿ, ಪುಟಸಂಖ್ಯೆ ಬರೆದುಕೊಳ್ಳಿ. ನನ್ನ ಶಾಲೆಯಲ್ಲಿ ಕೊನೆಯ ಕೆಲವು ವರ್ಷ ಇದನ್ನು ಮಾಡಿಸಿ ನೋಡಿದ್ದೇನೆ. ಉಮ್ಮಂದಿರಿಗೂ ಖುಷಿಯಾಯಿತು, ಮಕ್ಕಳ ಪಾಠದಲ್ಲಿ ತಮಗೂ ಒಂದು ಕೆಲಸ ಸಿಕ್ಕಿತೆಂದು.

ಗಡಿಯ ಮಕ್ಕಳ ಗುಂಡಿ

ಅನುಕೂಲದ ಜೊತೆ ಒಂದು ಅಪಾಯವೂ ಇದೆ. ಕಾಸರಗೋಡಿನ ಮಕ್ಕಳು ಮನೆಯಲ್ಲಿ ಬ್ಯಾರಿ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳಂ, ಮದ್ರಸದಲ್ಲಿ ಅರಬಿ, ಕಾಲೇಜಿನಲ್ಲಿ ಇಂಗ್ಲಿಷ್ ಬಳಸುವವರು. ಮಲಯಾಳಂ ಪತ್ರಿಕೆಯ ಲೇಖನವನ್ನು ಕನ್ನಡಕ್ಕೆ ತಿರುಗಿಸಿ ಬರೆದರೆ ಯಾವ ಕಂಪ್ಯೂಟರಿಗೂ ಸುಲಭದಲ್ಲಿ ಸಿಗುವುದಿಲ್ಲ. ಅನುವಾದಿಸಲು ಕಷ್ಟಪಟ್ಟ ಮಗುವಿಗೆ ಅದು ತನ್ನದೇ ಅನಿಸುತ್ತದೆ. ಅನುವಾದದ ಶ್ರಮ ಅದರದ್ದು, ಒಪ್ಪುತ್ತೇನೆ. ಲೇಖನ ಅದರದ್ದಲ್ಲ. ‘ಇಂಥ ಪತ್ರಿಕೆಯಲ್ಲಿ ಇಂಥವರು ಮಲಯಾಳಂನಲ್ಲಿ ಬರೆದದ್ದು, ಕನ್ನಡಕ್ಕೆ ನಾನು ತಂದದ್ದು’ ಎಂದರೆ ಆ ಮಗುವಿನ ಗೌರವ ಹೆಚ್ಚುತ್ತದೆ. ಎರಡು ಭಾಷೆ ಬಲ್ಲೆ ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳ ಬಗ್ಗೆ ಒಂದು ಮಾತು. ಚಾಟ್‌ಜಿಪಿಟಿಯಂಥವು ಕೇಳಿದೊಡನೆ ಪ್ರಬಂಧ ಬರೆದುಕೊಡುತ್ತವೆ, ಪುಸ್ತಕಗಳ ಪಟ್ಟಿಯನ್ನೂ ಕೊಡುತ್ತವೆ. ಆ ಪಟ್ಟಿಯ ಕೆಲವು ಪುಸ್ತಕಗಳು ಲೋಕದಲ್ಲಿ ಎಲ್ಲಿಯೂ ಇರುವುದಿಲ್ಲ. ಸನದಿನ ಭಾಷೆಯಲ್ಲಿ ಹೇಳುವುದಾದರೆ ಹುಟ್ಟದೇ ಇದ್ದ ವರದಿಗಾರರ ಸರಪಳಿ. ಅವುಗಳ ಸಹಾಯ ಪಡೆದರೆ ಪಡೆದೆ ಎಂದು ಬರೆಯಲಿ, ಶಿಕ್ಷಕರು ಬೇಡವೆಂದರೆ ಬಳಸದಿರಲಿ, ಅವು ಹೇಳಿದ ಪುಸ್ತಕವನ್ನು ಕಣ್ಣಾರೆ ನೋಡದೆ ಹೆಸರಿಸದಿರಲಿ.

ಬಾಯಿಮಾತಿಗೂ ಹೆಸರು

ನಮ್ಮ ಬಹುಪಾಲು ಸಂಪತ್ತು ಪುಸ್ತಕದಲ್ಲಿಲ್ಲ. ಮದುವೆಯ ಹಾಡು, ತೊಟ್ಟಿಲ ಹಾಡು, ಒಗಟು, ಗಾದೆ, ಕಡಲಿನ, ಸಂತೆಯ ನೆನಪುಗಳು ಎಲ್ಲ ಹಿರಿಯ ಹೆಂಗಸರ ಬಾಯಿಯಲ್ಲಿವೆ. ಪ್ರಾಜೆಕ್ಟಿಗೆಂದು ಮಕ್ಕಳು ಬಂದು ಕೇಳುತ್ತಾರೆ, ಮೊಬೈಲಿನಲ್ಲಿ ರೆಕಾರ್ಡ್ ಮಾಡುತ್ತಾರೆ, ಹೋಗುತ್ತಾರೆ. ಪ್ರಾಜೆಕ್ಟಿನ ಮುಖಪುಟದಲ್ಲಿ ಮಗುವಿನ ಹೆಸರು, ಶಿಕ್ಷಕರ ಹೆಸರು, ಶಾಲೆಯ ಹೆಸರು ಇರುತ್ತದೆ. ಎರಡು ಗಂಟೆ ಕೂತು ಹಾಡಿದವರ ಹೆಸರು ಎಲ್ಲಿಯೂ ಇರುವುದಿಲ್ಲ. ಅಂಥ ಹಾಡುಗಳು ಮುಂದೆ ದೊಡ್ಡವರ ಪುಸ್ತಕಗಳಿಗೂ ‘ಸಂಗ್ರಹ’ ಎಂಬ ಒಂದು ಪದದ ಮರೆಯಲ್ಲಿ ಸೇರಿಬಿಡುತ್ತವೆ.

ಪುಸ್ತಕಕ್ಕೆ ಇರುವಂತೆ ಬಾಯಿಮಾತಿಗೂ ಮೂಲ ಕೊಡುವ ಕ್ರಮ ಇದೆ. ಹೇಳಿದವರ ಹೆಸರು, ವಯಸ್ಸು, ಊರು, ಮಾತಾಡಿದ ದಿನ. ಅವರು ಯಾರಿಂದ ಕಲಿತರು ಎಂದೂ ಕೇಳಿ ಬರೆದರೆ ಸನದ್ ಇನ್ನೊಂದು ತಲೆಮಾರು ಹಿಂದಕ್ಕೆ ಹೋಗುತ್ತದೆ. ಹೆಸರು ಹಾಕಬಹುದೇ ಎಂದು ಮೊದಲೇ ಕೇಳಬೇಕು. ಬೇಡ ಎಂದರೆ ‘ಹೆಸರು ಹೇಳಲು ಬಯಸದ, ಉಪ್ಪಳ ಕಡೆಯ ಎಪ್ಪತ್ತು ದಾಟಿದ ಮಹಿಳೆ’ ಎಂದಾದರೂ ಬರೆಯಲಿ.

ಎರಡು ಆಕ್ಷೇಪ

ಈ ವಿಷಯ ಮಾತಾಡಿದಾಗಲೆಲ್ಲ ಎರಡು ಮಾತು ಕೇಳಿಬರುತ್ತದೆ. ‘ಇಲ್ಮ್ ಅಲ್ಲಾಹನದ್ದು, ಅದಕ್ಕೆ ಒಡೆಯರು ಯಾರು?’ ಎನ್ನುವುದು ಒಂದು. ಹದೀಸ್ ವಿದ್ವಾಂಸರಿಗೂ ಈ ನಂಬಿಕೆ ಇತ್ತು. ಆದರೂ ಅವರು ಒಂದು ಹೆಸರನ್ನೂ ಬಿಡಲಿಲ್ಲ. ಇಲ್ಮ್ ಯಾರ ಸೊತ್ತೂ ಅಲ್ಲ ಎಂದಾದರೆ ಅದರ ಕೆಳಗೆ ನಮ್ಮ ಹೆಸರು ಬರೆಯುವುದು ಯಾವ ನ್ಯಾಯ?

ಎರಡನೆಯದು, ‘ಸಣ್ಣ ಮಕ್ಕಳಿಗೆ ಇದೆಲ್ಲ ಯಾಕೆ? ದೊಡ್ಡವರಾದ ಮೇಲೆ ಕಲಿಯುತ್ತಾರೆ’ ಎನ್ನುವುದು. ದೊಡ್ಡವಳಾದ ಮೇಲೆ ಕಲಿತವಳ ಕಥೆಯನ್ನು ಮೇಲೆ ಹೇಳಿದ್ದೇನೆ. ಐದನೇ ತರಗತಿಯ ಮಗುವಿಗೆ ಅಡಿಟಿಪ್ಪಣಿಯ ಶಿಸ್ತು ಬೇಕಾಗಿಲ್ಲ. ‘ಇದನ್ನು ನನಗೆ ಹೇಳಿದ್ದು ಅಜ್ಜ’, ‘ಇದನ್ನು ನಾನು ಶಾಲೆಯ ಲೈಬ್ರರಿಯ ಇಂಥ ಪುಸ್ತಕದಲ್ಲಿ ಓದಿದೆ’ ಎಂದು ಒಂದು ಸಾಲು ಬರೆದರೆ ಸಾಕು.

ನಾವು ಮಾಡಬಹುದಾದದ್ದು

ತಂದೆತಾಯಂದಿರಲ್ಲಿ ಒಂದು ವಿನಂತಿ. ಪ್ರಿಂಟ್ ಅಂಗಡಿಗೆ ಹೋಗಿ ‘ಮಗಳ ಪ್ರಾಜೆಕ್ಟಿಗೆ ನೀರಿನ ಬಗ್ಗೆ ಹತ್ತು ಪುಟ ಕೊಡಿ’ ಎಂದು ಕೇಳುವುದನ್ನು ನಿಲ್ಲಿಸಿ. ಮಗಳು ಬರೆದ ಎರಡು ಪುಟ, ತಪ್ಪುಗಳಿದ್ದರೂ, ಆ ಹತ್ತು ಪುಟಕ್ಕಿಂತ ಮೇಲು. ಟಿಪ್ಪಣಿ ಬರೆಯುವಾಗಲೇ ಪುಸ್ತಕದ ಮಾತಿಗೆ ಚಿಹ್ನೆ ಹಾಕಿ ಪುಟಸಂಖ್ಯೆ ಬರೆಯುವ ರೂಢಿ ಮಾಡಿಸಿ. ಮೋಸದ ಉದ್ದೇಶವೇ ಇಲ್ಲದ ಮಕ್ಕಳು ಸಿಕ್ಕಿಬೀಳುವುದು ಹೆಚ್ಚಾಗಿ ಇಲ್ಲೇ. ಮೂರು ತಿಂಗಳ ನಂತರ ಟಿಪ್ಪಣಿ ತೆರೆದಾಗ ಯಾವುದು ಪುಸ್ತಕದ ವಾಕ್ಯ, ಯಾವುದು ತನ್ನದು ಎಂದು ಅವರಿಗೇ ಗೊತ್ತಾಗುವುದಿಲ್ಲ.

ಮೀಲಾದ್, ಸ್ವಾತಂತ್ರ್ಯೋತ್ಸವಗಳ ಸಂದರ್ಭದಲ್ಲಿ ಪ್ರಬಂಧ ಸ್ಪರ್ಧೆ ನಡೆಸುವ ಜಮಾಅತ್, ಯುವಕ ಸಂಘಗಳಲ್ಲಿ ಇನ್ನೊಂದು ವಿನಂತಿ. ನಿಯಮದಲ್ಲಿ ಒಂದು ಸಾಲು ಸೇರಿಸಿ: ಕೊನೆಯ ಪುಟದಲ್ಲಿ ‘ನಾನು ಇದನ್ನು ಎಲ್ಲಿಂದ ತಿಳಿದೆ’ ಎಂದು ಬರೆಯಬೇಕು, ಅದಕ್ಕೆ 50ರಲ್ಲಿ 10 ಅಂಕ. ಬಹುಮಾನ ಘೋಷಿಸುವ ಮೊದಲು ಮಗುವನ್ನು ಕರೆದು ಅದರ ಪ್ರಬಂಧದ ಬಗ್ಗೆ ಎರಡು ಪ್ರಶ್ನೆ ಪ್ರೀತಿಯಿಂದ ಕೇಳಿ. ಮದ್ರಸದ ಉಸ್ತಾದರು ಸನದಿನ ಪಾಠ ಹೇಳುವ ದಿನ ಶಾಲೆಯ ಪ್ರಬಂಧದ ಮಾತನ್ನೂ ಒಂದಿಷ್ಟು ಎತ್ತಲಿ. ಅವರ ಬಾಯಿಯಿಂದ ಬಂದರೆ ಮಕ್ಕಳ ಮನಸ್ಸಿನಲ್ಲಿ ನಿಲ್ಲುತ್ತದೆ.

ನನ್ನ ತಂಗಿಯ ಮಗಳು ಆ ವರ್ಷವನ್ನು ಸುಮ್ಮನೆ ಕಳೆಯಲಿಲ್ಲ. ಮದುವೆಯ ಮಾತನ್ನು ಮುಂದೂಡಲು ಮನೆಯವರನ್ನು ಒಪ್ಪಿಸಿದೆವು. ಪ್ರಬಂಧವನ್ನು ಮೊದಲಿನಿಂದ ಬರೆದಳು. ಅದರ ವಿಷಯ ನಮ್ಮ ಕಡೆಯ ಬ್ಯಾರಿಗಳ ಹಳೆಯ ವ್ಯಾಪಾರ. ಪುಸ್ತಕಗಳಲ್ಲಿ ಸಿಗದ ವಿವರಕ್ಕಾಗಿ ನನ್ನ ಉಮ್ಮನ ಬಳಿ ಎಷ್ಟೋ ಸಂಜೆ ಕೂತಳು. ಅವರ ತಂದೆ ತಲೆಹೊರೆಯಲ್ಲಿ ಒಣಮೀನು ಹೊತ್ತು ಘಟ್ಟದ ಕಡೆಗೆ ಹೋಗುತ್ತಿದ್ದ ಕಥೆ, ಬರುವಾಗ ತರುತ್ತಿದ್ದ ಸಾಮಾನು, ದಾರಿಯಲ್ಲಿ ಉಳಿಯುತ್ತಿದ್ದ ಮನೆಗಳು. ನಾನು ಐವತ್ತು ವರ್ಷಗಳಿಂದ ಅರ್ಧಂಬರ್ಧ ಕೇಳಿದ್ದ ವಿಷಯ ಅದು.

ಪ್ರಬಂಧ ಈ ಸಲ ಒಪ್ಪಿಗೆಯಾಯಿತು. ಒಂದು ಪ್ರತಿ ತಂದು ಉಮ್ಮನ ಕೈಯಲ್ಲಿಟ್ಟಳು. ಅವರಿಗೆ ಓದಲು ಬರುವುದಿಲ್ಲ. ಪುಟ ತೆರೆದು ಬೆರಳಿಟ್ಟು ತೋರಿಸಿ ಓದಿ ಹೇಳಿದಳು: ಉಮ್ಮನ ಹೆಸರು, ಅವರ ತಂದೆಯ ಹೆಸರು, ಊರು, ವಯಸ್ಸು, ಮಾತಾಡಿದ ದಿನಗಳು. ಉಮ್ಮ ಸ್ವಲ್ಪ ಹೊತ್ತು ಆ ಅಕ್ಷರಗಳನ್ನೇ ನೋಡಿದರು. ಆಮೇಲೆ ಕೇಳಿದರು, “ಇನ್ನೊಂದು ವಿಷಯ ಹೇಳುವುದಿತ್ತು, ಅದನ್ನೂ ಬರೆಯಲು ಜಾಗ ಇದೆಯಾ?”